ಕರೂರಿನ ಕೆಂಪು ಕಟ್ಟಿಗೆ

ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಎರಡನೆಯ ವರ್ಷದ ಮಕ್ಕಳಿಗೆ ಮಾಡಿಸುವ ಒಂದು ಪ್ರಯೋಗ ನನಗೆ ಪ್ರತಿ ಸಲವೂ ಹಬ್ಬವಿದ್ದಂತೆ. ಯಾವುದಾದರೂ ಗಿಡದ ಕಡ್ಡಿಯನ್ನು ಬ್ಲೇಡಿನಿಂದ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಅಡ್ಡಕ್ಕೆ ಕೊಯ್ದು ಗಾಜಿನ ಪಟ್ಟಿಯ ಮೇಲಿಡಬೇಕು. ಒಂದು ಹನಿ ಔಷಧ, ಅದರ ಮೇಲೆ ಒಂದು ಹನಿ ಆಸಿಡ್. ಎರಡು ನಿಮಿಷದಲ್ಲಿ ಕಡ್ಡಿಯಲ್ಲಿ ಮರವಾಗಿರುವ ಭಾಗವೆಲ್ಲ ಗುಲಾಲು ಎರಚಿದಂತೆ ಕೆಂಪೇರುತ್ತದೆ. ತಿರುಳು ಮಾತ್ರ ಬೆಳ್ಳಗೇ ಉಳಿಯುತ್ತದೆ. ಕೆಂಪಾದ ಕಡೆ ಲಿಗ್ನಿನ್ ಇದೆ ಎಂದರ್ಥ. ಗಿಡದ ಜೀವಕೋಶದ ಗೋಡೆಯಲ್ಲಿ ನಾರುಗಳ ಸಂದಿಗೆ ಗಾರೆಯಂತೆ ತುಂಬಿಕೊಂಡು, ಮೆತ್ತಗಿದ್ದದ್ದನ್ನು ಮರ ಮಾಡುವುದು ಅದೇ.

ಒಂದು ಶ್ರಾವಣದ ಶನಿವಾರ ಮಕ್ಕಳೆಲ್ಲ ಹೋದ ಮೇಲೆ ನಮ್ಮ ಲ್ಯಾಬಿನ ಅಟೆಂಡರ್ ಪಟ್ಟಿಗಳನ್ನು ತೊಳೆಯುತ್ತಿದ್ದರು. ಐವತ್ತು ದಾಟಿದ ಹೆಂಗಸು. ಎಲ್ಲರಿಗೂ ಅವರು ಅಕ್ಕ, ನನಗೂ ಅಕ್ಕ. ಸಿರುಗುಪ್ಪ ತಾಲೂಕಿನ ಕರೂರಿನವರು, ಅವರ ತಾಯಿ ಈಗಲೂ ಅಲ್ಲೇ ಇದ್ದಾರೆ. ಅಕ್ಕ ಕೆಂಪು ಚೂರೊಂದನ್ನು ಬೆಳಕಿಗೆ ಹಿಡಿದು ಕೇಳಿದರು.

"ಮೇಡಂ, ಇದಕ್ಕ ಆಸಿಡ್ ಯಾಕ್ರಿ? ನಮ್ಮವ್ವನ ಒಲಿ ಮುಂದ ಇಂಥಾ ಕೆಂಪು ಕಟ್ಟಿಗಿ ಒಂದು ಹೊರಿ ಬಿದ್ದೈತಿ."

"ಯಾವ ಗಿಡದ್ದು?"

"ರೇಷ್ಮಿ ಗಿಡದ್ದು."

ರೇಷ್ಮೆ ಗಿಡವೆಂದರೆ ಹಿಪ್ಪುನೇರಳೆ. ಅದರ ಮರ ಬಿಳಿ, ಹೆಚ್ಚೆಂದರೆ ಹಳದಿ. ಹಳೆಯ ಬೊಡ್ಡೆಯ ನಡುವೆ ಬಣ್ಣ ಗಾಢವಾಗಿರುವುದುಂಟು, ಅದನ್ನೇ ಇವರು ಕೆಂಪು ಅನ್ನುತ್ತಿರಬೇಕು ಎಂದು ನಾನು ನಕ್ಕೆ.

ಅಕ್ಕ ನಗಲಿಲ್ಲ. "ದೊಡ್ಡ ಬೊಡ್ಡಿ ಅಲ್ರಿ ಮೇಡಂ. ಹೆಬ್ಬಟ್ಟಿನಷ್ಟ ದಪ್ಪದ ಟೊಂಗಿನೂ ಕೆಂಪ ಐತಿ. ತೊಗಟಿ ಸುಲಿದ್ರ ಸಾಕು."

ನಾನು ಹಾಜರಿ ಪುಸ್ತಕ ಮುಚ್ಚಿಟ್ಟೆ. "ಅಕ್ಕಾ, ನಾಳೆ ಊರಿಗೆ ಹೊಂಟೀರೇನು? ಹೋದ್ರ ನನಗ ಒಂದು ತುಂಡು ತರ್ರಿ. ಮರೀಬ್ಯಾಡ್ರಿ."

ನಾನು ಅಷ್ಟು ಆಸೆಪಟ್ಟದ್ದಕ್ಕೆ ಕಾರಣವಿತ್ತು. ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದ ಕಾಲದಲ್ಲಿ ನನ್ನ ಕೆಲಸವೇ ಲಿಗ್ನಿನ್ ತಯಾರಿಸುವ ಕಿಣ್ವಗಳದ್ದು. ಗಿಡದೊಳಗೆ ಲಿಗ್ನಿನ್ನಿನ ಸರಕು ಒಂದೇ ಏಟಿಗೆ ಆಗುವುದಿಲ್ಲ. ಹತ್ತಾರು ಕಿಣ್ವಗಳು ಸಾಲಾಗಿ ಕೂತು ಒಂದರ ಕೈಯಿಂದ ಇನ್ನೊಂದರ ಕೈಗೆ ದಾಟಿಸುತ್ತ ತಯಾರಿಸುತ್ತವೆ. ಒಂದೊಂದು ಕಿಣ್ವಕ್ಕೂ ಅದನ್ನು ಹೇಗೆ ಕಟ್ಟಬೇಕೆಂದು ಹೇಳುವ ಜೀನ್ ಇರುತ್ತದೆ. ಬಳ್ಳಾರಿಯಲ್ಲಿ ನಾನಿರುವ ಓಣಿಯ ತುಂಬ ಜೀನ್ಸ್ ಪ್ಯಾಂಟು ಹೊಲಿಯುವ ಮನೆಗಳಿವೆ. ಮಕ್ಕಳಿಗೆ ಪಾಠ ಮಾಡುವಾಗ ಅದನ್ನೇ ಹೇಳುತ್ತೇನೆ. ಒಬ್ಬರು ಕತ್ತರಿಸುತ್ತಾರೆ, ಒಬ್ಬರು ಕಾಲು ಹೊಲಿಯುತ್ತಾರೆ, ಒಬ್ಬರು ಜೇಬು ಹಚ್ಚುತ್ತಾರೆ, ಕೊನೆಯವರು ಗುಂಡಿ ಹಾಕುತ್ತಾರೆ. ಕತ್ತರಿಸುವವರೇ ಬಾರದಿದ್ದರೆ ಆ ದಿನ ಕೆಲಸವೇ ಇಲ್ಲ. ಗುಂಡಿಯವರು ಮಾತ್ರ ಬಾರದಿದ್ದರೆ ಪ್ಯಾಂಟುಗಳೇನೋ ಆಗುತ್ತವೆ, ಗುಂಡಿ ಇಲ್ಲದವು. ಮರವೂ ಅಷ್ಟೆ. ಸಾಲಿನ ಕೊನೆಯ ಕಿಣ್ವದ ಜೀನ್ ಕೆಟ್ಟರೆ ಅದು ಅರೆಬರೆ ಸರಕನ್ನೇ ಗೋಡೆಗೆ ಮೆತ್ತಿಕೊಂಡು ಬೆಳೆಯುತ್ತದೆ, ಸಾಯುವುದಿಲ್ಲ. ಆ ಅರೆಬರೆ ಸರಕಿಗೆ ಒಂದು ಬಣ್ಣವಿದೆ. ಕೆಂಪು.

ಪುಸ್ತಕಗಳಲ್ಲಿ ಅಂಥ ಮರಗಳ ಚಿತ್ರ ನೋಡಿದ್ದೆ, ಕಣ್ಣಾರೆ ಕಂಡಿರಲಿಲ್ಲ. ನನ್ನ ಪಾಲಿಗೆ ಬಂದಿದ್ದ ಕಿಣ್ವ ಸಾಲಿನ ಮೊದಲ ಕಡೆಯದು. ಅದರ ಜೀನನ್ನು ಅಡಗಿಸಿ ನಾನು ಬೆಳೆಸಿದ ತಂಬಾಕು ಸಸಿಗಳು ಗೇಣುದ್ದ ಬೆಳೆದು ನಿಂತುಬಿಟ್ಟವು. ನೀರು ಸಾಗಿಸುವ ಕೊಳವೆಗಳ ಗೋಡೆಗೆ ಬಲ ಸಾಲದೆ, ಎಳೆದು ಕುಡಿದ ಕಾಗದದ ಸ್ಟ್ರಾದ ಹಾಗೆ ಅವು ಒಳಕ್ಕೆ ಕುಸಿದಿದ್ದವು. ನೀರು ಹಾಕಿದರೂ ಬಾಡುತ್ತಿದ್ದ ಆ ಕುಳ್ಳ ಸಸಿಗಳ ನಡುವೆ ನಾನು ನಾಲ್ಕು ವರ್ಷ ಕಳೆದೆ. ನನ್ನ ಪ್ರಬಂಧಕ್ಕೆ ಅವು ಒಳ್ಳೆಯ ಫಲಿತಾಂಶವೇ ಆದವು. ಆದರೆ ಹೆತ್ತವರಿಗೆ ತೋರಿಸುವಂಥ ಗಿಡಗಳಲ್ಲ. ಒಮ್ಮೆ ಅಪ್ಪ ಧಾರವಾಡಕ್ಕೆ ಬಂದು ಅವನ್ನು ನೋಡಿದ. ಕುರುಗೋಡಿನಲ್ಲಿ ನನ್ನ ಅಣ್ಣನ ಜೊತೆ ಬಡಿಗತನದ ಶೆಡ್ಡು ನಡೆಸುವ ಮನುಷ್ಯ. ಬಗ್ಗಿ ನೋಡಿ, "ನಮ್ಮ ಮನಿತನದಾಗ ಮರ ನಿಲ್ಸಿ ಹೊಟ್ಟಿ ಹೊರಕೊಂಡೀವಿ. ನೀ ಬೀಳ್ಸೂದು ಕಲಿಯಾಕ ಬಂದಿ ಏನವ್ವಾ?" ಅಂದ. ತಮಾಷೆಗೇ ಅಂದದ್ದು, ಆದರೂ ನನಗೆ ಆ ಮಾತು ಬಹಳ ದಿನ ಚುಚ್ಚುತ್ತಿತ್ತು.

ಸೋಮವಾರ ಅಕ್ಕ ಊಟದ ಚೀಲದಿಂದ ಪೇಪರಿನಲ್ಲಿ ಸುತ್ತಿದ ಎರಡು ತುಂಡು ತೆಗೆದು ನನ್ನ ಮೇಜಿನ ಮೇಲಿಟ್ಟರು. ಒಣಗಿದ ತೊಗಟೆಯನ್ನು ಉಗುರಿನಿಂದ ಎಬ್ಬಿಸಿದೆ. ಕೆಳಗೆ ಒದ್ದೆ ಇಟ್ಟಿಗೆಯ ಬಣ್ಣ! ಮಣ್ಣೋ ಅದಿರಿನ ಧೂಳೋ ಇರಬಹುದೆಂದು ಸ್ಪಿರಿಟ್ಟಿನಿಂದ ಒರೆಸಿದೆ, ಹೋಗಲಿಲ್ಲ. ಚಾಕುವಿನಿಂದ ಹೆರೆದೆ. ಒಳಗೆ ಇನ್ನೂ ಕೆಂಪು. ಬೂಸ್ಟು ಹಿಡಿದ ಗುರುತು ಎಲ್ಲೂ ಇರಲಿಲ್ಲ. ತುಂಡನ್ನು ನೀರಲ್ಲಿ ಕುದಿಸಿ ಮೆತ್ತಗೆ ಮಾಡಿ, ತೆಳ್ಳಗೆ ಕೊಯ್ದು, ಯಾವ ಹನಿಯನ್ನೂ ಹಾಕದೆ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ನೀರ್ಗೊಳವೆಗಳು ದುಂಡಗೆ ಗಟ್ಟಿಯಾಗಿ ನಿಂತಿದ್ದವು. ಒಂದೂ ಕುಸಿದಿರಲಿಲ್ಲ. ಪ್ರತಿಯೊಂದರ ಗೋಡೆಯೂ ತೆಳುಗೆಂಪು.

"ಅಕ್ಕಾ, ಬರ್ರಿ ಇಲ್ಲಿ. ನಿಮ್ಮ ಕಟ್ಟಿಗಿ ನೋಡ್ರಿ."

"ನಾ ನೋಡ್ಲೇನ್ರಿ?" ಎಂದು ಅವರು ಸೆರಗಿನಿಂದ ಕೈ ಒರೆಸಿಕೊಂಡರು. ಹದಿನೆಂಟು ವರ್ಷ ಆ ಸೂಕ್ಷ್ಮದರ್ಶಕಗಳ ಧೂಳು ಹೊಡೆದವರು ಒಂದು ಸಲವೂ ಅದರೊಳಗೆ ಇಣುಕಿರಲಿಲ್ಲವೆಂದು ನನಗೆ ಆಗ ತಿಳಿಯಿತು. ಹನ್ನೊಂದು ವರ್ಷದಿಂದ ಜೊತೆಗಿದ್ದ ನಾನೂ ಕರೆದಿರಲಿಲ್ಲ. ಮೊದಲು ಅವರಿಗೆ ತಮ್ಮದೇ ರೆಪ್ಪೆ ಕಂಡಿತು. ಆಮೇಲೆ ಬೆಳಕು ಕಂಡಿತು. ಆಮೇಲೆ ಬಹಳ ಹೊತ್ತು ಬಗ್ಗಿಯೇ ನಿಂತರು.

"ಜರಡಿ ಕಂಡಂಗ ಕಾಣತೈತ್ರಿ. ಕೆಂಪು ಜರಡಿ. ಇಷ್ಟು ತೂತು ಇದ್ರೂ ಗಿಡ ಹೆಂಗ ನಿಲ್ತೈತಿ?"

ನನ್ನ ಮಕ್ಕಳು ಯಾರೂ ಅಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ. ಉತ್ತರ ಹೇಳುತ್ತ ಹೇಳುತ್ತ ನಾವಿಬ್ಬರೂ ಮಧ್ಯಾಹ್ನದ ಊಟ ಮರೆತೆವು.

ಮುಂದಿನ ಭಾನುವಾರ ಬೆಳಿಗ್ಗೆಯೇ ಇಬ್ಬರೂ ಸಿರುಗುಪ್ಪದ ಬಸ್ಸು ಹತ್ತಿ, ಅಲ್ಲಿಂದ ಕರೂರಿನ ಬಸ್ಸು ಹಿಡಿದೆವು. ದಾರಿಯ ಎರಡೂ ಕಡೆ ಭತ್ತದ ನಾಟಿ ನಡೆದಿತ್ತು. ಅಕ್ಕನ ಮನೆಯ ಬಾಗಿಲ ಮೇಲೆ ಬೌದ್ಧರ ಪಂಚಶೀಲ ಧ್ವಜದ ಬಣ್ಣದ ಪಟ್ಟಿ, ಕಟ್ಟೆಯ ಮೇಲೆ ಅವರ ತಾಯಿ. ಎಪ್ಪತ್ತೈದರ ಆಸುಪಾಸು, ಕಣ್ಣು ಚುರುಕು, ಬಾಯಿ ಅದಕ್ಕಿಂತ ಚುರುಕು. ನಾನು ಚಪ್ಪಲಿ ಬಿಡುವಷ್ಟರಲ್ಲೇ ಕೇಳಿಬಿಟ್ಟೆ.

"ಅವ್ವಾ, ಆ ಗಿಡ ಎಲ್ಲೈತಿ?"

"ಗಿಡಾ? ಅದೆಲ್ಲೈತವ್ವಾ. ಕಾಲುವಿಗಿ ನೀರು ಬಿಡೂಕಿಂತ ಮುಂಚೆ ಏರಿ ರಿಪೇರಿ ಅಂತ ಮಷೀನ್ ಬಂತು. ಬೇರು ಸಮೇತ ಕಿತ್ತು ಒಗದ್ರು. ಸುಮ್ನ ಯಾಕ ಹಾಳಾಗ್ಬೇಕಂತ ಟೊಂಗಿ ಎಲ್ಲಾ ನಾ ಕಡ್ಕೊಂಡು ಬಂದ್ನಿ."

ಮುಖ ಸಣ್ಣದು ಮಾಡಿಕೊಂಡು ಕಟ್ಟೆಯ ಮೇಲೆ ಕೂತೆ. ಒಲೆಯ ಮುಂದಿನ ಹೊರೆ ಎರಡು ತಿಂಗಳ ಬಿಸಿಲಿಗೆ ಸೌದೆಯಾಗಿತ್ತು. ಅದರಿಂದ ಗಿಡ ಎಬ್ಬಿಸುವುದು ಯಾರಿಂದಲೂ ಆಗದು. ಅಂಥ ಗಿಡ ತಾನಾಗಿ ಹುಟ್ಟುವುದೇ ಅಪರೂಪ. ಕೆಟ್ಟ ಜೀನ್ ತಾಯಿಯಿಂದಲೂ ಬರಬೇಕು, ತಂದೆಯಿಂದಲೂ ಬರಬೇಕು. ಒಂದೇ ಕಡೆಯಿಂದ ಬಂದರೆ ಇನ್ನೊಂದು ಕಡೆಯ ಒಳ್ಳೆಯ ಜೀನ್ ಕೆಲಸ ನಡೆಸಿಕೊಂಡು ಹೋಗಿ ಮರ ಬೆಳ್ಳಗೇ ಇರುತ್ತದೆ. ಕಾಲುವೆ ಏರಿಯ ಮೇಲೆ ಎಷ್ಟೋ ವರ್ಷ ನನಗಾಗಿ ಕಾದಿದ್ದ ಗಿಡಕ್ಕೆ ನಾನು ಎರಡು ತಿಂಗಳು ತಡವಾಗಿ ಬಂದಿದ್ದೆ.

ಅವ್ವ ಒಗ್ಗರಣೆ ಮಂಡಕ್ಕಿಯ ತಟ್ಟೆಯನ್ನು ಕೈಗಿತ್ತು, "ಗಿಡ ಹೋದ್ರ ಹೋತು, ತಿನ್ನು. ನನಗಂತೂ ಆ ಗಿಡದ ಕಾಟ ಇನ್ನೂ ತಪ್ಪಿಲ್ಲ" ಅಂದರು.

"ಅದೇನವ್ವಾ ಕಾಟ?"

"ಆಡಿನ ದೊಡ್ಡಿಗೆ ಅದರವು ಮೂರು ಗೂಟ ನೆಟ್ಟಿದ್ನಿ. ಎರಡು ಚಿಗುರಿ ಕುಂತಾವು. ಆಡು ದಿನಾ ಅದನ್ನ ಕಡಿಯಾಕ ಹೋಗಿ ಬೇಲಿ ಎಲ್ಲಾ ಮುರದಾವು."

ತಟ್ಟೆಯನ್ನು ಅಕ್ಕನ ಕೈಗೆ ತುರುಕಿ ಹಿತ್ತಲಿಗೆ ಓಡಿದೆ. ಮಣಿಕಟ್ಟಿನ ಗಾತ್ರದ ಎರಡು ಗೂಟಗಳು ಬೇಲಿಯ ಮೂಲೆಯಲ್ಲಿ ನಿಂತಿದ್ದವು. ಆಡಿನ ಬಾಯಿಗೆ ಎಟುಕದ ಎತ್ತರದಲ್ಲಿ ಹಸಿರು ಎಲೆ. ಒಂದು ಚಿಗುರನ್ನು ಮುರಿದು ಉಗುರಿನಿಂದ ಸಿಪ್ಪೆ ಕೆರೆದೆ. ಎಳೆಯ ತುದಿಯಲ್ಲಿ ಹಸಿರು, ಕೆಳಕ್ಕೆ ಬಂದಂತೆ ಗುಲಾಬಿ, ಬುಡದಲ್ಲಿ ಕೆಂಪು. ನಾನೇನು ಕೂಗಿದೆನೋ ನೆನಪಿಲ್ಲ. ಆಡುಗಳು ಬೆದರಿ ಒಂದರ ಮೇಲೊಂದು ಬಿದ್ದವು.

"ಏನಬೇ ಇದು?" ಅವ್ವ ಮಗಳಿಗೆ ಹೇಳುತ್ತಿದ್ದರು. "ಕಾಲೇಜಿನಾಗ ಪಾಠ ಹೇಳೂ ಹೆಂಗಸು ಆಡಿನ ದೊಡ್ಯಾಗ ಕುಣ್ಯಾಕತ್ತೈತಿ!"

ಗೂಟಗಳನ್ನು ಕಿತ್ತುಕೊಂಡು ಹೋಗುತ್ತೇನೆ ಅಂದಾಗ ಮಾತ್ರ ಅವ್ವ ಗಟ್ಟಿಯಾಗಿ ನಿಂತುಬಿಟ್ಟರು. "ಚಿಗುರು ಎಷ್ಟು ಬೇಕಾದ್ರೂ ಒಯ್ಯಿ. ಗೂಟ ಕಿತ್ರ ನನ್ನ ಆಡು ಊರ ಗದ್ದಿ ಹೊಕ್ತಾವು. ಅದರ ಬದಲಿ ಬ್ಯಾರೆ ಗೂಟ ತಂದು ನಿಲ್ಸು, ಆಮ್ಯಾಲೆ ಒಯ್ಯಿ."

ನ್ಯಾಯವಾದ ಮಾತೇ. ಎಂಟು ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡೆ. ಒಣ ಕಟ್ಟಿಗೆಯಲ್ಲೂ ತೋಳು ಗಾತ್ರದ ಒಂದು ತುಂಡು ಕೇಳಿ ತೆಗೆದುಕೊಂಡೆ. ಸಿರುಗುಪ್ಪದಿಂದ ವಾಪಸು ಬರುವಾಗ ಕಂಡಕ್ಟರ್ ಟಿಕೆಟ್ ಹರಿಯುತ್ತ, ಚೀಲದಿಂದ ಇಣುಕುತ್ತಿದ್ದ ಆ ಕೆಂಪು ತುಂಡನ್ನು ಕಂಡ. ಬಗ್ಗಿ ದನಿ ತಗ್ಗಿಸಿ, "ಏಮಮ್ಮಾ, ಎರ್ರಚಂದನಮಾ?" ಅಂದ. ಹಿಂದಿನ ಸೀಟಿನವರೂ ಕತ್ತು ಉದ್ದ ಮಾಡಿದರು. ರಕ್ತಚಂದನ ಅಲ್ಲಪ್ಪಾ, ರೇಷ್ಮೆ ಗಿಡ ಎಂದು ನಾನು ತಿಳಿಸಿ ಹೇಳುವಷ್ಟರಲ್ಲಿ ಅಕ್ಕ ತೆಲುಗಿನಲ್ಲೇ ಅವನನ್ನು ದಬಾಯಿಸಿದರು, ರಕ್ತಚಂದನ ಇದ್ದಿದ್ದರೆ ನಾವು ನಿನ್ನ ಬಸ್ಸಿನಲ್ಲಿ ನಿಂತು ಹೋಗುತ್ತಿದ್ದೆವಾ ಎಂದು. ಬಸ್ಸೆಲ್ಲ ನಕ್ಕಿತು. ಕಂಡಕ್ಟರೇ ಯಾರನ್ನೋ ಸರಿಸಿ ನಮಗೆ ಸೀಟು ಕೊಡಿಸಿದ.

ಗೂಟ ಬೇಕೆಂದರೆ ನನಗೆ ನೆನಪಾಗುವುದು ಒಂದೇ ಜಾಗ. ವಾರದ ನಡುವೆ ರಜೆಯ ದಿನ ಕುರುಗೋಡಿಗೆ ಹೋದೆ. ಅಪ್ಪ ಶೆಡ್ಡಿನ ಮುಂದೆ ಬೇವಿನ ಹಲಗೆ ಹೆರೆಯುತ್ತಿದ್ದ. ಕೆಂಪು ತುಂಡನ್ನು ಅವನ ಮುಂದಿಟ್ಟು, ಇದು ಯಾವ ಮರ ಹೇಳು ಅಂದೆ. ಎತ್ತಿ ತೂಕ ನೋಡಿದ, ಮೂಸಿದ, ತೊಗಟೆಯ ಮೇಲೆ ಹೆಬ್ಬೆರಳು ಆಡಿಸಿದ.

"ತೊಗಟಿ ರೇಷ್ಮಿ ಗಿಡದ್ದು. ಕಟ್ಟಿಗಿ ಅದರದ್ದಲ್ಲ. ಯಾರೋ ಬಣ್ಣ ಕುಡಿಸ್ಯಾರ."

"ಯಾರೂ ಕುಡಿಸಿಲ್ಲಪ್ಪಾ. ಗಿಡ ತಾನ ಹಿಂಗ ಬೆಳದೈತಿ."

"ನಾ ನಂಬಂಗಿಲ್ಲ."

ತುಂಡನ್ನು ಕೆಲಸದ ಮೇಜಿಗೆ ಬಿಗಿದು ಉಜ್ಜುಗೊರಡು ಹಿಡಿದ. ಮೊದಲ ಸುರುಳಿ ಬಿತ್ತು, ಎರಡನೆಯದು ಬಿತ್ತು, ಹತ್ತನೆಯದು ಬಿತ್ತು. ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಕೊನೆಗೆ ತುಂಡನ್ನು ಗರಗಸದಿಂದ ನಡುವೆ ಎರಡು ಮಾಡಿದ. ಅಂಚಿನಿಂದ ನಡುವಿನವರೆಗೂ ಒಂದೇ ಕೆಂಪು.

"ಬಣ್ಣ ಅಲ್ಲವ್ವಾ ಇದು" ಎಂದು ಮೆಲ್ಲಗೆ ಹೇಳಿದ. "ಬಣ್ಣ ಕುಡಿಸಿದ್ರ ಅಂಚಿಗಿ ಹೆಚ್ಚು, ನಡುವ ಕಡಿಮಿ ಆಗ್ತಿತ್ತು. ಇದು ಎಲ್ಲಾ ಕಡಿಗೂ ಒಂದ ಸಮ ಐತಿ. ಹುಟ್ಟಾ ಕೆಂಪು." ಉಳಿಯಿಂದ ಒಂದು ಮೂಲೆ ತೆಗೆದು, "ಮೆತ್ತಗೂ ಐತಿ. ಉಳಿ ತಾನ ದಾರಿ ಮಾಡ್ಕೊಂಡು ಹೋಗತೈತಿ. ಯಾಕ ಹಿಂಗ?" ಅಂದ.

ಅಪ್ಪ ನನ್ನ ವಿದ್ಯೆಯ ಬಗ್ಗೆ 'ಯಾಕೆ' ಎಂದು ಕೇಳಿದ್ದು ಅದೇ ಮೊದಲು. ಶೆಡ್ಡಿನ ನೆಲದ ಮೇಲೆ ಸುರುಳಿಗಳ ನಡುವೆ ಕೂತು ಎಲ್ಲವನ್ನೂ ಹೇಳಿದೆ. ನಾರು, ಗಾರೆ, ಕಿಣ್ವಗಳ ಸಾಲು, ಗುಂಡಿ ಇಲ್ಲದ ಪ್ಯಾಂಟು. ನನ್ನ ಕುಳ್ಳ ತಂಬಾಕು ಯಾಕೆ ಬಿತ್ತು, ಈ ಗಿಡ ಯಾಕೆ ಬೀಳಲಿಲ್ಲ ಎಂಬುದನ್ನೂ ಹೇಳಿದೆ. ಗಾರೆ ಇಲ್ಲದ ಗೋಡೆ ಬೇರೆ, ಗಾರೆಯ ಹದ ಬದಲಾದ ಗೋಡೆ ಬೇರೆ. ಅಪ್ಪ ನಡುವೆ ಒಂದೇ ಮಾತು ಆಡಿದ. "ಹಂಗಾದ್ರ ಧಾರವಾಡದಾಗ ನೀ ಬೀಳ್ಸಾಕತ್ತಿದ್ದಿಲ್ಲ. ಯಾಕ ನಿಲ್ತೈತಿ ಅಂತ ನೋಡಾಕತ್ತಿದ್ದಿ."

"ಹೂಂ ಅಪ್ಪಾ. ಅದನ್ನ ನೋಡಾಕತ್ತಿದ್ದೆ."

ಅವನು ಆಗಲೇ ಎದ್ದು ಗೂಟಕ್ಕೆಂದು ಜಾಲಿಯ ತುಂಡು ಹುಡುಕುತ್ತಿದ್ದ.

ಆ ಭಾನುವಾರ ಕರೂರಿಗೆ ಅಪ್ಪ ತಾನೇ ಹೊರಟ, ಗೂಟ ನೆಡುವುದು ನಿನಗೆ ಬರುವುದಿಲ್ಲ ಎಂಬ ನೆಪ ಹೇಳಿ. ಎರಡು ಜಾಲಿ ಗೂಟಗಳ ಜೊತೆ ಟವೆಲ್ಲಿನಲ್ಲಿ ಇನ್ನೇನನ್ನೋ ಸುತ್ತಿಕೊಂಡಿದ್ದ. ಅವ್ವ ಮತ್ತು ಅಪ್ಪ ಮೊದಲ ಹತ್ತು ನಿಮಿಷ ಗೂಟ ಎಷ್ಟು ಆಳ ಇಳಿಯಬೇಕು ಎಂಬುದಕ್ಕೆ ಜಗಳವಾಡಿದರು. ಅವ್ವನೇ ಗೆದ್ದರು. ಹಳೆಯ ಗೂಟಗಳನ್ನು ಬೇರು ಹರಿಯದಂತೆ ಮಣ್ಣಿನ ಸಮೇತ ಎತ್ತಿದೆವು. ಆಮೇಲೆ ಅಪ್ಪ ಟವೆಲ್ ಬಿಚ್ಚಿದ. ಆ ಕೆಂಪು ತುಂಡಿನಿಂದ ಮಾಡಿದ ಕಡಗೋಲು. ತಲೆಯ ಭಾಗವನ್ನು ಕಮಲದ ಮೊಗ್ಗಿನಂತೆ ಕೊರೆದಿದ್ದ.

"ನಿಮ್ಮ ಗಿಡದ್ದ ಐತಿ ತಾಯಿ. ನಿಮಗ ಇರ್ಲಿ."

ಅವ್ವ ತಿರುಗಿಸಿ ತಿರುಗಿಸಿ ನೋಡಿದರು. "ಚಂದ ಐತಿ. ಮಜ್ಜಿಗಿಗಿ ಬಣ್ಣ ಬಿಟ್ರ?"

ಅಪ್ಪ ನನ್ನ ಕಡೆ ನೋಡಿದ. ಅಕ್ಕ ನನ್ನ ಕಡೆ ನೋಡಿದರು. ಬಣ್ಣ ಗೋಡೆಯೊಳಗೇ ಹೆಣೆದುಕೊಂಡಿರುತ್ತದೆ, ನೀರಿಗೆ ಬಿಡಬಾರದು ಎಂದು ಪುಸ್ತಕ ಓದಿದವಳಾಗಿ ಹೇಳಿದೆ. ಹೇಳುವಾಗ ನನಗೂ ಪೂರ್ತಿ ಖಾತ್ರಿ ಇರಲಿಲ್ಲ. ಅವ್ವ ಮಾತಿಗೆ ಬಗ್ಗುವವರಲ್ಲ. ಮೊಸರಿನ ಗಡಿಗೆ ತಂದು, ಕಡಗೋಲು ಇಳಿಸಿ, ಎರಡೂ ಅಂಗೈಗಳ ನಡುವೆ ಹಿಡಿದು ಕಡೆಯತೊಡಗಿದರು. ನಾಲ್ಕು ತಲೆಗಳು ಗಡಿಗೆಯ ಮೇಲೆ ಬಗ್ಗಿದವು. ನೊರೆ ಎದ್ದಿತು, ಬೆಣ್ಣೆ ತೇಲಿತು. ಮಲ್ಲಿಗೆಯಂಥ ಬಿಳುಪು, ಒಂದು ಎಳೆ ಕೆಂಪಿಲ್ಲ.

"ನಿನ್ನ ಸಾಲಿ ಖರೇ ಐತಿ ಬಿಡು" ಎಂದು ಅವ್ವ ನನಗೆ ಮೊದಲ ಲೋಟ ಕೊಟ್ಟರು. ನಾನು ಪಡೆದ ಯಾವ ಪದವಿಯ ದಿನವೂ ಅಷ್ಟು ಹಿಗ್ಗಿರಲಿಲ್ಲ.

ಮಜ್ಜಿಗೆ ಕುಡಿಯುತ್ತ ಅವರಿಗೆ ಇನ್ನೊಂದು ವಿಷಯ ಹೇಳಿದೆ. ಜೋಳದಲ್ಲೂ ಇದೇ ಜೀನ್ ಕೆಡುವುದುಂಟು, ಆಗ ಎಲೆಯ ನಡುವಿನ ನರ ಕಂದಾಗುತ್ತದೆ, ಅಂಥ ಮೇವು ದನಗಳಿಗೆ ಸುಲಭವಾಗಿ ಅರಗುತ್ತದೆ ಎಂದು. ಅವ್ವ ದೊಡ್ಡಿಯ ಕಡೆ ಕೈ ತೋರಿಸಿದರು. "ಹಂಗಾದ್ರ ನನ್ನ ಆಡು ನಿನಗಿಂತ ಮುಂಚೇನ ಓದ್ಯಾವು." ಆಡಿನ ಅಭಿಪ್ರಾಯವನ್ನು ಪುರಾವೆಯಾಗಿ ಬರೆಯಲಾಗದು. ಆದರೂ ನನ್ನ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೇನೆ.

ಎಲೆಗಳನ್ನು ನನ್ನ ಹಳೆಯ ಪ್ರಯೋಗಾಲಯದ ಗೆಳತಿಗೆ ಕಳಿಸಿದ್ದೆ. ದೀಪಾವಳಿಗೆ ಮುಂಚೆ ಅವಳ ಫೋನು ಬಂತು. ಗುಂಡಿ ಹಾಕುವ ಆ ಕೊನೆಯ ಕಿಣ್ವದ ಜೀನಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಒಂದೇ ಒಂದು. ಕೂಡಲೇ ಅಪ್ಪನಿಗೆ ಫೋನು ಮಾಡಿದೆ. ಜೀನ್ ಎಂದರೆ ಒಂದು ಬರಹವಿದ್ದಂತೆ, ಜೀವಕೋಶ ಅದನ್ನು ಮೂರು ಮೂರು ಅಕ್ಷರ ಹಿಡಿದು ಓದುತ್ತದೆ, ನಡುವೆ ಒಂದು ಜಾರಿದರೆ ಮುಂದಿನದೆಲ್ಲ ಕಲಸಿಹೋಗುತ್ತದೆ ಎಂದರೆ ಅವನಿಗೆ ತಿಳಿಯಲಿಲ್ಲ. ಕಾಗದ ತೆಗೆದುಕೊ ಅಂದೆ. "ಮರದ ಹಲಗೆ ಬಡಿಗ ಅಂತ ಬರಿ. ಮೂರು ಮೂರು ಅಕ್ಷರ. ಈಗ ಹಲಗೆಯೊಳಗಿನ 'ಲ' ತೆಗಿ. ಆದ್ರ ಮೂರು ಮೂರ ಹಿಡಿದು ಓದು."

ಅಪ್ಪ ಎಳೆದೆಳೆದು ಓದಿದ. "ಮರದ... ಹಗೆಬ... ಡಿಗ..." ಆಮೇಲೆ ಜೋರಾಗಿ ನಕ್ಕ. "ಅಯ್ಯ, ಮರ ಉಳೀತು, ಬಡಿಗ ಹ್ವಾದ!"

ಕಡ್ಡಿಗಳು ಎಂಟರಲ್ಲಿ ಐದು ಬದುಕಿದವು, ಎರಡು ಗೂಟಗಳೂ ಬದುಕಿದವು. ಒಂದು ಗೂಟ ಕುರುಗೋಡಿನ ಶೆಡ್ಡಿನ ಹಿಂದೆ, ಉಳಿದವೆಲ್ಲ ಕಾಲೇಜಿನ ತೋಟದಲ್ಲಿ. ಅಲ್ಲಿಯ ಗೂಟ ಮೊದಲ ಸಲ ಹಣ್ಣು ಬಿಟ್ಟಾಗ ಅವ್ವನನ್ನು ಅಕ್ಕ ಬಳ್ಳಾರಿಗೆ ಕರೆತಂದರು. ಕಾಲೇಜಿನ ಗೇಟು ಅವರು ದಾಟಿದ್ದು ಅದೇ ಮೊದಲು. ತೋಟದಲ್ಲಿ ನನ್ನ ಎರಡನೆಯ ವರ್ಷದ ಮಕ್ಕಳು ಅವರನ್ನು ಸುತ್ತಿಕೊಂಡು ಗಿಡದ ಕಥೆ ಕೇಳಿದರು. ಅವ್ವ ಒಂದು ಹಣ್ಣನ್ನು ಬಾಯಿಗೆ ಹಾಕಿಕೊಂಡು, ಮದುವೆಯಾಗಿ ಬಂದ ವರ್ಷ ಅತ್ತೆಯ ಜೊತೆ ರೇಷ್ಮೆ ತೋಟದ ಕೂಲಿಗೆ ಹೋಗುತ್ತಿದ್ದದ್ದನ್ನು ಹೇಳತೊಡಗಿದರು. ತೋಟದ ಮೂಲೆಯ ಒಂದು ಗಿಡದ ಎಲೆಯನ್ನು ಅತ್ತೆ ಮನೆಯ ಆಡುಗಳಿಗೆಂದು ಯಾರಿಗೂ ಹೇಳದೆ ಬೇರೆಯಾಗಿ ಆರಿಸಿಡುತ್ತಿದ್ದರಂತೆ. ಆ ಗಿಡದ ಕಡ್ಡಿಯನ್ನು ಕಾಲುವೆ ಏರಿಯ ಮೇಲೆ ನೆಟ್ಟವರೂ ಅತ್ತೆಯೇ ಅಂತೆ, ಮಷೀನು ಕಿತ್ತೊಗೆದದ್ದು ಅದನ್ನೇ.

ಇದನ್ನು ಅವ್ವ ನನಗೆ ಯಾವತ್ತೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಗಂಟೆ ಹೊಡೆಯಿತು, ಯಾರೂ ಏಳಲಿಲ್ಲ. ನಾನು ಒಬ್ಬ ಹುಡುಗಿಯ ನೋಟುಬುಕ್ಕಿನಿಂದ ಹಾಳೆ ಹರಿದುಕೊಂಡು, ಮಕ್ಕಳ ಹಿಂದೆ ಹುಲ್ಲಿನ ಮೇಲೆ ಕೂತು ಬರೆದುಕೊಳ್ಳತೊಡಗಿದೆ.